ಮನವೊಲಿಕೆಯ ನೀತಿ ಮತ್ತು ಸವಿನಯ ಕಾನೂನುಭಂಗ

ಆಳುವವರ ಆಜ್ಞೆಯನ್ನು ಪಾಲಿಸುವುದು ಪ್ರಜೆಯ ಧರ್ಮವೆಂಬುದು ನೀತಿಶಾಸ್ತ್ರಗಳು ಒಪ್ಪಿದ ಮಾತು. ಆದರೆ ಆ ಆಜ್ಞೆಯೇ ನ್ಯಾಯದ ದಾರಿಯನ್ನು ಬಿಟ್ಟಾಗ ಪ್ರಜೆ ಏನು ಮಾಡಬೇಕೆಂಬ ಪ್ರಶ್ನೆಗೆ ಅಷ್ಟು ಸುಲಭದ ಉತ್ತರವಿಲ್ಲ. ಪುರಾಣದ ಪ್ರಹ್ಲಾದನು ತಂದೆಯೂ ದೊರೆಯೂ ಆಗಿದ್ದವನ ಮಾತನ್ನು ಮೀರಿದನು. ಮೀರಿದರೂ ಅವನ ಮೇಲೆ ಕೈಯೆತ್ತಲಿಲ್ಲ. ವಿಧಿಸಿದ ಶಿಕ್ಷೆಯಿಂದ ತಪ್ಪಿಸಿಕೊಂಡು ಓಡಲೂ ಇಲ್ಲ. ಗಾಂಧೀಜಿಯವರು ಸತ್ಯಾಗ್ರಹಿಯ ಲಕ್ಷಣವನ್ನು ಹೇಳುವಾಗಲೆಲ್ಲ ಪ್ರಹ್ಲಾದನನ್ನು ನೆನೆದದ್ದು ಇದೇ ಕಾರಣದಿಂದ.

ಇಂಥ ಪ್ರಶ್ನೆಯನ್ನು ಗ್ರಂಥದಲ್ಲಿ ಓದಿ ಚರ್ಚಿಸುವುದು ಬೇರೆ; ಮನೆ, ತೋಟ, ಗದ್ದೆಗಳನ್ನು ಪಣಕ್ಕೆ ಒಡ್ಡಿ ಉತ್ತರಿಸುವುದು ಬೇರೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗೆ ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು. 1931 ಮತ್ತು 1932ರಲ್ಲಿ ಸಿದ್ದಾಪುರದ ರೈತರು ಬ್ರಿಟಿಷ್ ಸರಕಾರಕ್ಕೆ ಭೂಕಂದಾಯ ಕೊಡಲು ನಿರಾಕರಿಸಿದರು. 1983ರಲ್ಲಿ ಶಿರಸಿ ತಾಲ್ಲೂಕಿನ ಹಳ್ಳಿಗರು ಸ್ವತಂತ್ರ ಭಾರತದ ಸರಕಾರವೇ ಕಡಿಯಲು ಅಪ್ಪಣೆ ಕೊಟ್ಟಿದ್ದ ಮರಗಳನ್ನು ಅಪ್ಪಿ ನಿಂತರು. ಮೊದಲನೆಯದು ಪರಕೀಯ ಆಳ್ವಿಕೆಯ ಎದುರು, ಎರಡನೆಯದು ತಾವೇ ಆರಿಸಿದ ಆಳ್ವಿಕೆಯ ಎದುರು. ಎರಡರಲ್ಲಿಯೂ ಹಿಡಿದ ಸಾಧನ ಒಂದೇ: ಎದುರಿನವನ ಮನಸ್ಸನ್ನು ಒಲಿಸುವ ಪ್ರಯತ್ನ. ಆ ಮನವೊಲಿಕೆಯ ಸ್ವರೂಪವೇನು, ಅದು ಎಲ್ಲಿಯವರೆಗೆ ಧರ್ಮ, ಎಲ್ಲಿಂದ ಮುಂದೆ ಬಲಾತ್ಕಾರ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಶಬ್ದಾರ್ಥ ವಿಚಾರ

ಮೊದಲು ಶಬ್ದಗಳನ್ನು ನೋಡಬೇಕು. ಇಂಗ್ಲಿಷಿನ ‘ಸಿವಿಲ್ ಡಿಸೊಬೀಡಿಯನ್ಸ್’ ಎಂಬುದಕ್ಕೆ ಕನ್ನಡದಲ್ಲಿ ‘ಸವಿನಯ ಕಾನೂನುಭಂಗ’ ಎಂಬ ಮಾತು ರೂಢಿಯಾಯಿತು. ‘ಸಿವಿಲ್’ ಎಂಬುದಕ್ಕೆ ನಾಗರಿಕನಿಗೆ ಸಂಬಂಧಿಸಿದ್ದು, ಸಭ್ಯವಾದದ್ದು ಎಂಬ ಅರ್ಥಗಳಿವೆ. ‘ಸವಿನಯ’ದಲ್ಲಿ ಅದಕ್ಕಿಂತ ಹೆಚ್ಚಿನದೊಂದು ಸೇರಿಕೊಂಡಿದೆ. ‘ವಿ’ ಉಪಸರ್ಗಪೂರ್ವಕವಾದ ‘ನೀ’ ಧಾತುವಿನಿಂದ ‘ವಿನಯ’ ಶಬ್ದ ಹುಟ್ಟಿದೆ. ನಡೆಸು, ಒಯ್ಯು ಎಂಬುದು ಆ ಧಾತುವಿನ ಅರ್ಥ. ಆದುದರಿಂದ ವಿನಯವೆಂದರೆ ತಲೆ ಬಾಗಿಸುವುದಷ್ಟೇ ಅಲ್ಲ. ತನ್ನನ್ನು ತಾನು ಸರಿಯಾದ ದಾರಿಯಲ್ಲಿ ನಡೆಸಿಕೊಳ್ಳುವ ಶಿಕ್ಷಣ. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣಕ್ಕೆ ‘ವಿನಯಾಧಿಕಾರಿಕ’ವೆಂದು ಹೆಸರು. ಆಳಬೇಕಾದವನು ಮೊದಲು ವಿನೀತನಾಗಬೇಕೆಂಬುದು ಅಲ್ಲಿಯ ತಾತ್ಪರ್ಯ. ಆಜ್ಞೆಯನ್ನು ಮೀರಬೇಕಾದವನಿಗೂ ಅದೇ ಶಿಕ್ಷಣ ಬೇಕೆಂಬುದನ್ನು ‘ಸವಿನಯ’ ಎಂಬ ಮಾತು ಸೂಚಿಸುತ್ತದೆ.

ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯವರು ರೂಪಿಸಿದ ‘ಸತ್ಯಾಗ್ರಹ’ ಎಂಬ ಸಮಾಸವೂ ಹೀಗೆಯೇ ವಿಚಾರಕ್ಕೆ ಯೋಗ್ಯವಾಗಿದೆ. ಆಗ್ರಹವೆಂದರೆ ಬಲವಾಗಿ ಹಿಡಿಯುವುದು. ಆದರೆ ಕನ್ನಡದಲ್ಲಿ ಈ ಶಬ್ದಕ್ಕೆ ಸಿಟ್ಟು ಎಂಬ ಅರ್ಥವೂ ಹಿಂದಿನಿಂದ ಬಳಕೆಯಲ್ಲಿದೆ. ಸತ್ಯವನ್ನು ಹಿಡಿದು ನಿಲ್ಲುವುದು ಒಂದು. ಸತ್ಯದ ಹೆಸರಿನಲ್ಲಿ ಸಿಟ್ಟಾಗುವುದು ಮತ್ತೊಂದು. ಈ ಎರಡು ದಾರಿಗಳು ಎಷ್ಟು ಹತ್ತಿರದಲ್ಲಿ ಕವಲೊಡೆಯುತ್ತವೆ ಎಂಬುದನ್ನು ಕನ್ನಡಿಗನಿಗೆ ಒಂದೇ ಶಬ್ದ ತೋರಿಸಿಕೊಡುತ್ತದೆ.

ಇನ್ನು ಮಾತಿನಿಂದ ಒಬ್ಬನನ್ನು ತನ್ನ ಕಡೆಗೆ ತರುವುದಕ್ಕೆ ಕನ್ನಡದಲ್ಲಿ ಹಲವು ಮಾತುಗಳಿವೆ. ‘ಬಾಯಿ ಮುಚ್ಚಿಸು’ ಎಂದರೆ ವಾದದಲ್ಲಿ ಸೋಲಿಸು. ಸೋತವನ ಮನಸ್ಸು ಮಾತ್ರ ಇದ್ದಲ್ಲಿಯೇ ಇರುತ್ತದೆ. ‘ಒಪ್ಪಿಸು’ ಎಂದರೆ ಬುದ್ಧಿಯು ಸರಿಯೆಂದು ಹೇಳುವಂತೆ ಮಾಡು. ‘ಮನವೊಲಿಸು’ ಎಂದರೆ ಮನಸ್ಸೇ ಒಲಿಯುವಂತೆ ಮಾಡು. ‘ಒಲಿ’ ಎಂಬುದು ಪ್ರೀತಿಯ ಧಾತು. ಪ್ರೀತಿಯನ್ನು ಬಲದಿಂದ ಪಡೆಯಲಾಗದು. ಒಲಿಯದೆ ಇರುವ ಸ್ವಾತಂತ್ರ್ಯ ಉಳ್ಳವನು ಮಾತ್ರ ಒಲಿಯಬಲ್ಲನು. ಮುಂದಿನ ವಿವೇಚನೆಗೆಲ್ಲ ಈ ಒಂದು ಮಾತು ಅಳತೆಗೋಲಾಗಿದೆ.

ಉಪದೇಶದ ಮೂರು ಬಗೆ

ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕನಾದ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಕಾವ್ಯದ ಪ್ರಯೋಜನವನ್ನು ಹೇಳುವಾಗ ಉಪದೇಶದಲ್ಲಿ ಮೂರು ಬಗೆಯನ್ನು ಎಣಿಸಿದ್ದಾನೆ. ವೇದಾದಿ ಶಾಸ್ತ್ರಗಳದು ಪ್ರಭುಸಂಮಿತ. ಒಡೆಯನ ಆಜ್ಞೆಯಂತೆ ಅದು ಕಾರಣ ಹೇಳುವುದಿಲ್ಲ. ಇತಿಹಾಸ ಪುರಾಣಗಳದು ಸುಹೃತ್ಸಂಮಿತ; ಗೆಳೆಯನಂತೆ ಅದು ಒಳಿತು ಕೆಡುಕುಗಳನ್ನು ಬಿಡಿಸಿ ತೋರಿಸುತ್ತದೆ. ಕಾವ್ಯದ್ದು ಕಾಂತಾಸಂಮಿತ, ಪ್ರಿಯಳಾದ ಮಡದಿಯಂತೆ ಅದು ಕೇಳುವವನ ಹೃದಯವನ್ನು ಮೊದಲು ತನ್ನೆಡೆಗೆ ತಿರುಗಿಸಿಕೊಂಡು, ಆಮೇಲೆ ಮಾಡತಕ್ಕದ್ದನ್ನು ತಿಳಿಸುತ್ತದೆ. ಇಲ್ಲಿ ‘ಕಾಂತಾ’ ಎಂಬುದನ್ನು ಮಡದಿಯೆಂದು ಮಾತ್ರ ತಿಳಿಯಬೇಕಾಗಿಲ್ಲ. ಸಂಬಂಧದ ಒಳಗೆ ನಿಂತು ಆಡಿದ ಮಾತು ಎಂಬುದೇ ಅದರ ತಿರುಳು.

ಕಾವ್ಯಕ್ಕೆ ಹೇಳಿದ ಈ ವಿಭಾಗವು ಲೋಕವ್ಯವಹಾರಕ್ಕೂ ಹೊಂದುತ್ತದೆ. ಕಂದಾಯ ಕಟ್ಟು, ಇಲ್ಲವಾದರೆ ಜಪ್ತಿ ಎಂಬ ಮಾಮಲೇದಾರರ ನೋಟೀಸು ಪ್ರಭುಸಂಮಿತ. ಅಂಕಿ ಅಂಶಗಳನ್ನು ಮುಂದಿಟ್ಟು ಲಾಭ ನಷ್ಟಗಳನ್ನು ವಿವರಿಸುವ ಮನವಿ, ಭಾಷಣ, ವೃತ್ತಪತ್ರಿಕೆಯ ಲೇಖನಗಳು ಸುಹೃತ್ಸಂಮಿತ. ಮಾತು ಮುಗಿದ ಮೇಲೂ ಎದುರಿನವನನ್ನು ಬಿಟ್ಟುಕೊಡದೆ, ತನ್ನ ನೋವನ್ನೇ ಮಾತನ್ನಾಗಿ ಮಾಡಿ ಅವನ ಮುಂದೆ ಇಡುವುದು ಮೂರನೆಯ ಬಗೆ. ಸತ್ಯಾಗ್ರಹವು ಸೇರುವುದು ಈ ಮೂರನೆಯದಕ್ಕೆ. ಮೊದಲಿನ ಎರಡು ಸೋತ ಮೇಲೆಯೇ ಇದಕ್ಕೆ ಅಧಿಕಾರ ಬರುತ್ತದೆ ಎಂಬುದನ್ನೂ ಮರೆಯಬಾರದು.

ಸಿದ್ದಾಪುರದ ಕರನಿರಾಕರಣೆ

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಕಣಿವೆಗಳಲ್ಲಿ ಅಡಿಕೆಯ ತೋಟ, ಬಯಲಿನಲ್ಲಿ ಬತ್ತದ ಗದ್ದೆ, ಸುತ್ತಲೂ ಕಾಡು. ಸರಕಾರದ ತೀರ್ವೆಯನ್ನು ನಗದಾಗಿ ತೆರಬೇಕು. ಬೆಳೆಯ ಬೆಲೆಯಾದರೋ ಪೇಟೆಯ ಕೈಯಲ್ಲಿ. 1929ರಿಂದ ಜಗತ್ತನ್ನು ಕಾಡಿದ ಆರ್ಥಿಕ ಕುಸಿತದಲ್ಲಿ ಕೃಷಿ ಉತ್ಪನ್ನಗಳ ಬೆಲೆ ಇಳಿದಾಗ, ಅದೇ ತೀರ್ವೆಯನ್ನು ತೆರಲು ರೈತನು ಮೊದಲಿಗಿಂತ ಎಷ್ಟೋ ಹೆಚ್ಚು ಮಾಲನ್ನು ಮಾರಬೇಕಾಯಿತು.

ಈ ನಡುವೆ 1930ರ ಏಪ್ರಿಲ್ 13ರಂದು ಕರಾವಳಿಯ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. 1928ರಲ್ಲಿ ಗುಜರಾತಿನ ಬಾರ್ಡೋಲಿಯ ರೈತರು ವಲ್ಲಭಭಾಯಿ ಪಟೇಲರ ಮುಂದಾಳುತನದಲ್ಲಿ ಕಂದಾಯ ನಿರಾಕರಿಸಿ, ಏರಿಸಿದ ತೆರಿಗೆಯನ್ನು ಇಳಿಸಿಕೊಂಡ ಸುದ್ದಿ ಆಗಲೇ ಕನ್ನಡ ನಾಡಿನಲ್ಲಿ ಮನೆಮಾತಾಗಿತ್ತು. 1931ರಲ್ಲಿ ಸಿದ್ದಾಪುರ ಮತ್ತು ಅಂಕೋಲೆ ತಾಲ್ಲೂಕುಗಳ ಹಳ್ಳಿಗಳು ಆ ದಾರಿಯನ್ನು ಹಿಡಿದವು. ತೋಟಿಗರಾದ ಹವ್ಯಕರು, ಗದ್ದೆಯ ಬೇಸಾಯದ ನಾಮಧಾರಿಗಳು ಮೊದಲಾಗಿ ಹಲವು ಸಮಾಜದವರು ಇದರಲ್ಲಿ ಸೇರಿದ್ದರು.

ತೆರಿಗೆಯ ನಿರಾಕರಣೆ ಉಳಿದ ಕಾನೂನುಭಂಗಗಳಿಗಿಂತ ಕಠಿನವಾದದ್ದು. ಒಂದು ಹಿಡಿ ಉಪ್ಪನ್ನು ಎತ್ತಿದವನು ಸೆರೆಮನೆಗೆ ಹೋಗಿ ಬರುತ್ತಾನೆ. ಕಂದಾಯ ಕೊಡದವನು ಭೂಮಿಯನ್ನೇ ಕಳೆದುಕೊಳ್ಳುತ್ತಾನೆ. ಅಮೆರಿಕದ ಥೋರೋ ಗುಲಾಮಗಿರಿಯನ್ನು ಪೋಷಿಸುವ ಸರಕಾರಕ್ಕೆ ತಲೆಗಂದಾಯ ಕೊಡಲೊಲ್ಲದೆ 1846ರಲ್ಲಿ ಒಂದು ರಾತ್ರಿ ಸೆರೆಯಲ್ಲಿದ್ದನು. 1849ರಲ್ಲಿ ಪ್ರಕಟವಾದ ಅವನ ಪ್ರಬಂಧ ಲೋಕಪ್ರಸಿದ್ಧವಾಯಿತು. ಸಿದ್ದಾಪುರದ ರೈತನು ಪ್ರಬಂಧ ಬರೆಯಲಿಲ್ಲ. ಆದರೆ ಅವನು ತೆತ್ತ ಬೆಲೆ ಒಂದು ರಾತ್ರಿಯದಾಗಿರಲಿಲ್ಲ. ದನಕರು, ಪಾತ್ರೆಪಗಡೆಗಳು ಜಪ್ತಿಯಾದವು. ತೋಟಗದ್ದೆಗಳು ಮುಟ್ಟುಗೋಲಾಗಿ ಲಿಲಾವಿಗೆ ಬಂದವು.

1931ರ ಮಾರ್ಚ್ 5ರಂದು ಗಾಂಧಿ ಇರ್ವಿನ್ ಒಪ್ಪಂದವಾಯಿತು. ಮುಟ್ಟುಗೋಲು ಹಾಕಿಕೊಂಡ ಆಸ್ತಿ ಇನ್ನೂ ಸರಕಾರದ ವಶದಲ್ಲಿದ್ದರೆ ಮರಳಿಸಲಾಗುವುದು, ಆದರೆ ಮೂರನೆಯವರಿಗೆ ಮಾರಾಟವಾದ ಸ್ಥಿರಾಸ್ತಿಯ ಮಟ್ಟಿಗೆ ಆ ವ್ಯವಹಾರ ಮುಗಿದಂತೆಯೇ ಎಂಬುದು ಅದರ ಒಂದು ಕರಾರು. ಒಪ್ಪಂದ ಬಹುಕಾಲ ಬಾಳಲಿಲ್ಲ. 1932ರ ಜನವರಿ 4ರಂದು ಗಾಂಧೀಜಿಯವರ ಬಂಧನವಾಗಿ ಚಳವಳಿ ಮತ್ತೆ ಹೊತ್ತಿಕೊಂಡಿತು. ಸಿದ್ದಾಪುರದಲ್ಲಿ ಕರನಿರಾಕರಣೆ ಪುನಃ ಆರಂಭವಾಯಿತು. ಒಪ್ಪಂದದ ಆ ಕರಾರಿನ ‘ಮೂರನೆಯವನು’ ಮಾತ್ರ ಈ ಇಡೀ ಕಥೆಯ ಮುಖ್ಯ ಪಾತ್ರವಾಗಿ ಉಳಿದನು.

ಸರಕಾರವು ಎಷ್ಟೇ ಬಲಿಷ್ಠವಾಗಿರಲಿ, ಅದು ತಾನೇ ಬಂದು ಗದ್ದೆಯನ್ನು ಉಳುವುದಿಲ್ಲ, ಅಡಿಕೆಯ ಕೊನೆ ಇಳಿಸುವುದಿಲ್ಲ. ಲಿಲಾವಿನಲ್ಲಿ ಕೂಗಿ ಕೊಳ್ಳುವವನೊಬ್ಬ ಬೇಕು. ಕೊಳ್ಳುವವನೇ ಇಲ್ಲದಿದ್ದರೆ ಮುಟ್ಟುಗೋಲು ಕಾಗದದ ಮೇಲಿನ ಮಾತಾಗುತ್ತದೆ. ಹಾಗೆ ಕೊಳ್ಳುವವನು ದೂರದ ಅಧಿಕಾರಿಯಲ್ಲ; ಊರಿನವನು, ನೆರೆಯವನು, ಹಬ್ಬ ಮದುವೆಗಳಲ್ಲಿ ಒಟ್ಟಿಗೆ ಉಂಡವನು. ಅನ್ಯಾಯದ ಆಜ್ಞೆ ಮೇಲಿನಿಂದ ಬಂದರೂ ಅದನ್ನು ನಡೆಸಿಕೊಡುವ ಕೈ ಪಕ್ಕದ ಮನೆಯದಾಗಿತ್ತು.

ಮಾವಿನಗುಂಡಿಯ ಉಪವಾಸ

ಗಂಡಸರಲ್ಲಿ ಅನೇಕರು ಸೆರೆಮನೆಯಲ್ಲಿದ್ದರು. ಆಗ ಆ ಕೈಯನ್ನು ತಡೆಯುವ ಕೆಲಸವನ್ನು ಸ್ತ್ರೀಯರು ವಹಿಸಿಕೊಂಡರು. ಜೋಗದ ಸಮೀಪದಲ್ಲಿರುವ ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ 1932ರಲ್ಲಿ, ಮುಟ್ಟುಗೋಲಾದ ಆಸ್ತಿಯನ್ನು ಕೊಂಡವನ ಮನೆಯ ಮುಂದೆ ಅವರು ಉಪವಾಸ ಕುಳಿತರು. ಹೊಸಿಲು ದಾಟಿ ಹೊರಗೆ ಬಂದು ನಾಲ್ಕು ಜನರ ಮುಂದೆ ಮಾತನಾಡುವ ರೂಢಿಯಿಲ್ಲದ ಕಾಲದ ಗೃಹಿಣಿಯರು ಅವರು. ಭಾಷಣ ಅವರ ಸಾಧನವಾಗಿರಲಿಲ್ಲ. ಈ ಭೂಮಿಯ ಅನ್ನವನ್ನು ಉಣ್ಣುತ್ತಿದ್ದವರು ಇಲ್ಲಿ ಹಸಿದು ಕುಳಿತಿದ್ದಾರೆ ಎಂಬುದೊಂದೇ ಅವರು ಹೇಳಿದ ಮಾತು. ಅದನ್ನೂ ಬಾಯಿಂದ ಹೇಳಬೇಕಾಗಿರಲಿಲ್ಲ. ಆಲಂಕಾರಿಕರು ವಾಚ್ಯಕ್ಕಿಂತ ಧ್ವನಿ ಹೆಚ್ಚಿನದೆನ್ನುವುದಕ್ಕೆ ಕಾವ್ಯದ ಹೊರಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ಮನೆತನ ಈ ಚಳವಳಿಯಲ್ಲಿ ಮುಂದೆ ನಿಂತ ಮನೆತನಗಳಲ್ಲಿ ಒಂದು. ಮುಂದೆ ಕರ್ನಾಟಕದ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರು ಆ ಮನೆಯವರು. ಅದೇ ಮನೆಯ ಮಹಾದೇವಿತಾಯಿಯವರು ಮುಂದೆ ವಿನೋಬಾ ಭಾವೆಯವರ ಬಳಗವನ್ನು ಸೇರಿ ಸೇವೆಯಲ್ಲಿಯೇ ಬಾಳನ್ನು ಕಳೆದರು.

1934ರಲ್ಲಿ ಗಾಂಧೀಜಿಯವರು ಹರಿಜನೋದ್ಧಾರದ ಪ್ರವಾಸದಲ್ಲಿ ಈ ಸೀಮೆಗೆ ಬಂದರು. ಸಿದ್ದಾಪುರದಲ್ಲಿ, ಸರ್ವಸ್ವವನ್ನೂ ಕಳೆದುಕೊಂಡ ಕುಟುಂಬಗಳ ಸ್ತ್ರೀಯರನ್ನು ಕಂಡರು. ಶಿರಸಿಯ ಮಾರಿಕಾಂಬಾ ದೇವಾಲಯದಲ್ಲಿ ಕೋಣನ ಬಲಿ ನಿಂತು, ಹರಿಜನರಿಗೆ ಪ್ರವೇಶ ದೊರೆತದ್ದು ಇದೇ ಸಂದರ್ಭದಲ್ಲಿ. ಎರಡು ಸಂಗತಿಗಳಿಗೂ ಒಳಗಿನ ನಂಟಿದೆ. ಸರಕಾರದಿಂದ ನ್ಯಾಯ ಕೇಳುವವನು ತನ್ನ ಬಾಗಿಲಲ್ಲಿ ನಿಂತವನಿಗೆ ತಾನು ನ್ಯಾಯ ಕೊಟ್ಟಿದ್ದಾನೆಯೇ ಎಂದು ನೋಡಿಕೊಳ್ಳಬೇಕು. ಹಾಗೆ ನೋಡಿಕೊಳ್ಳದವನ ಆಗ್ರಹವು ಬರಿಯ ಸಿಟ್ಟಾಗುತ್ತದೆ.

ಕಳೆದ ಭೂಮಿ ತಕ್ಷಣ ಬರಲಿಲ್ಲ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಅಧಿಕಾರಕ್ಕೆ ಬಂದ ಬಿ. ಜಿ. ಖೇರರ ಮಂತ್ರಿಮಂಡಲವು ಮುಟ್ಟುಗೋಲಾಗಿ ಮಾರಾಟವಾದ ಜಮೀನುಗಳನ್ನು ಮೂಲ ಒಡೆಯರಿಗೆ ಮರಳಿಸಲು ಕಾನೂನು ಮಾಡಿದ ಮೇಲೆಯೇ ಆ ದಾರಿ ತೆರೆಯಿತು. ಅಲ್ಲಿಯವರೆಗಿನ ವರ್ಷಗಳನ್ನು ಆ ಕುಟುಂಬಗಳು ಕೂಲಿನಾಲಿಯಿಂದ, ಬಂಧುಗಳ ಆಶ್ರಯದಿಂದ ಕಳೆಯಬೇಕಾಯಿತು.

ಒಲಿಕೆಯೋ, ಒತ್ತಾಯವೋ

ಇಲ್ಲಿ ವಾಚಕರ ಮನಸ್ಸಿನಲ್ಲಿ ಒಂದು ಸಂಶಯ ಏಳಬಹುದು; ಏಳಲೂಬೇಕು. ಒಬ್ಬನ ಮನೆಯ ಬಾಗಿಲಲ್ಲಿ ಹಸಿದು ಕುಳಿತು ಅವನು ಸೋಲುವಂತೆ ಮಾಡುವುದು ಮನವೊಲಿಕೆ ಹೇಗಾಯಿತು? ಸ್ತ್ರೀಯರು ಬಾಗಿಲಲ್ಲಿ ಪ್ರಾಣ ಬಿಟ್ಟರೆ ಆ ಪಾಪ ತನ್ನನ್ನು ತಟ್ಟೀತೆಂಬ ಭಯದಿಂದ ಒಬ್ಬನು ಒಪ್ಪಿದರೆ ಅದು ಒಪ್ಪಿಗೆಯೇ?

ಈ ಸಂಶಯ ಹಳೆಯದು. ಸಾಲ ಕೊಟ್ಟವನು ಸಾಲಗಾರನ ಬಾಗಿಲಲ್ಲಿ ಅನ್ನನೀರು ಬಿಟ್ಟು ‘ಧರಣೆ’ ಕೂರುವ ಪದ್ಧತಿ ಹಿಂದೆ ಭಾರತದಲ್ಲಿತ್ತು. 1860ರ ಭಾರತೀಯ ದಂಡಸಂಹಿತೆಯ 508ನೆಯ ಕಲಮು, ದೈವದ ಅವಕೃಪೆಗೆ ಪಾತ್ರನಾಗುವೆಯೆಂಬ ನಂಬಿಕೆ ಹುಟ್ಟಿಸಿ ಒಬ್ಬನಿಂದ ಕೆಲಸ ಮಾಡಿಸುವುದನ್ನು ಅಪರಾಧವೆಂದು ಹೇಳಿ, ಅದಕ್ಕೆ ಧರಣೆಯನ್ನೇ ಉದಾಹರಣೆಯಾಗಿ ಕೊಟ್ಟಿತು. ಗಾಂಧೀಜಿಯವರೂ ಉಪವಾಸದ ವಿಷಯದಲ್ಲಿ ಬಹಳ ಎಚ್ಚರಿಕೆಯವರು. ಪ್ರೀತಿಯ ಸಂಬಂಧವಿದ್ದವನ ಎದುರಿಗೆ ಅವನನ್ನು ತಿದ್ದುವುದಕ್ಕಾಗಿ ಮಾತ್ರ ಉಪವಾಸ ಮಾಡಬಹುದು, ಶತ್ರುವಿನಿಂದ ಹಕ್ಕನ್ನು ಕಸಿದುಕೊಳ್ಳುವುದಕ್ಕಲ್ಲ ಎಂಬುದು ಅವರ ನಿಲುವು. 1939ರ ರಾಜಕೋಟೆಯ ಉಪವಾಸದಲ್ಲಿ ತಾವು ಮೇಲಿನ ಅಧಿಕಾರದ ನೆರವನ್ನು ಬೇಡಿದ್ದರಿಂದ ಅದು ಹಿಂಸೆಯ ಸೋಂಕಿಗೆ ಒಳಗಾಯಿತೆಂದು ಅವರೇ ಬಹಿರಂಗವಾಗಿ ಒಪ್ಪಿಕೊಂಡು, ಅದರ ಫಲವನ್ನು ಬಿಟ್ಟುಕೊಟ್ಟರು.

ಹೀಗಿರಲು ಮಾವಿನಗುಂಡಿಯ ಉಪವಾಸವನ್ನು ಹೇಗೆ ತೂಗಬೇಕು? ಮೂರು ಪರೀಕ್ಷೆಗಳು ಉಪಯುಕ್ತವಾಗಿವೆ. ಮೊದಲನೆಯದು, ಮಾತಾಡುವವನಿಗೂ ಕೇಳುವವನಿಗೂ ಸಂಬಂಧವಿದೆಯೇ? ಇಲ್ಲಿ ಇತ್ತು, ಇಬ್ಬರೂ ಒಂದೇ ಸೀಮೆಯ ಮಣ್ಣಿನವರು. ಎರಡನೆಯದು, ಕೇಳಿದ್ದು ಏನು? ಕೊಂಡವನ ಸ್ವಂತದ ಗಳಿಕೆಯನ್ನು ಅವರು ಕೇಳಲಿಲ್ಲ. ನೆರೆಯವರ ಸಂಕಟದಿಂದ ಅವನಿಗೆ ಬಂದದ್ದನ್ನು ಮಾತ್ರ ಬಿಡೆಂದರು. ಮೂರನೆಯದು, ಇಲ್ಲವೆನ್ನುವ ಸ್ವಾತಂತ್ರ್ಯ ಅವನಿಗೆ ಉಳಿದಿತ್ತೇ? ಕಾನೂನು, ಪೊಲೀಸು, ಸರಕಾರ ಎಲ್ಲವೂ ಅವ‌ನ ಕಡೆಗಿದ್ದವು. ಅವರ ಕಡೆಗೆ ಹಸಿವಲ್ಲದೆ ಬೇರೇನೂ ಇರಲಿಲ್ಲ. ಬಲವು ಯಾರ ಪಕ್ಷದಲ್ಲಿದೆಯೋ ಅವನೊಡನೆ ದುರ್ಬಲನು ತನ್ನ ದೇಹವನ್ನೇ ಮುಂದಿಟ್ಟು ಆಡುವ ಮಾತಿಗೂ, ಬಲವಂತನು ದುರ್ಬಲನ ಮೇಲೆ ಹಾಕುವ ಒತ್ತಾಯಕ್ಕೂ ಅಂತರವಿದೆ.

ಇದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಮನುಷ್ಯನು ತನ್ನ ನೋವನ್ನು ತಾನು ಆರಿಸಿಕೊಳ್ಳಬಹುದು. ಇನ್ನೊಬ್ಬನ ನೋವನ್ನು ಆರಿಸುವ ಹಕ್ಕು ಅವನಿಗಿಲ್ಲ. ಭೂಮಿ ಮುಟ್ಟುಗೋಲಾದಾಗ ಒಡೆಯನೊಡನೆ ಆ ಭೂಮಿಯನ್ನೇ ನಂಬಿದ ಗೇಣಿಯವನೂ ಆಳೂ ಅನ್ನ ಕಳೆದುಕೊಳ್ಳುತ್ತಾರೆ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರೇ ಒಡೆಯರ ಎದುರು ಸತ್ಯಾಗ್ರಹ ಹೂಡಿದರು. ಸತ್ಯಾಗ್ರಹದ ಮಾತನ್ನು ಆಡಲು ಕಲಿತ ಸಮಾಜವು ಅದನ್ನು ಕೇಳಲೂ ಕಲಿಯಬೇಕೆಂಬ ಪಾಠವನ್ನು ಮಲೆನಾಡು ಇಪ್ಪತ್ತು ವರ್ಷಗಳೊಳಗೆ ಪಡೆಯಿತು.

ಬೇಡ್ತಿಯಿಂದ ಕಳಸೆಯವರೆಗೆ

ಸ್ವಾತಂತ್ರ್ಯ ಬಂದ ಮೇಲೆ ಪ್ರಶ್ನೆಯ ರೂಪ ಬದಲಾಯಿತು. ಸಂವಿಧಾನ ಸಭೆಯಲ್ಲಿ 1949ರ ನವೆಂಬರ್ 25ರಂದು ಮಾಡಿದ ಭಾಷಣದಲ್ಲಿ ಡಾ. ಅಂಬೇಡ್ಕರರು, ಸಂವಿಧಾನದ ದಾರಿ ಮುಚ್ಚಿದ್ದ ಕಾಲದಲ್ಲಿ ಕಾನೂನುಭಂಗ, ಅಸಹಕಾರ, ಸತ್ಯಾಗ್ರಹಗಳಿಗೆ ಸಮರ್ಥನೆಯಿತ್ತು, ಆ ದಾರಿ ತೆರೆದ ಮೇಲೆ ಅವುಗಳನ್ನು ಕೈಬಿಡಬೇಕು ಎಂದರು. ಇದನ್ನು ಹೇಳಿದವರು 1927ರಲ್ಲಿ ಮಹಾಡದ ಕೆರೆಯ ನೀರಿಗಾಗಿ, 1930ರಲ್ಲಿ ನಾಸಿಕದ ಕಾಳಾರಾಮ ದೇವಾಲಯದ ಪ್ರವೇಶಕ್ಕಾಗಿ ಸ್ವತಃ ಸತ್ಯಾಗ್ರಹ ನಡೆಸಿದವರು. ಆದುದರಿಂದ ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮತದಾನವಿದೆ, ವಿಧಾನಸಭೆಯಿದೆ, ನ್ಯಾಯಾಲಯವಿದೆ. ಹೀಗಿದ್ದೂ ಪ್ರಜೆ ಕಾನೂನಿಗೆ ಅಡ್ಡ ನಿಂತರೆ ಅದು ಅರಾಜಕತೆಯ ಮೊದಲ ಮೆಟ್ಟಿಲಾಗದೇ?

ಈ ಸೀಮೆಯ ಉತ್ತರ ಎರಡು ಹಂತಗಳಲ್ಲಿ ಬಂದಿತು. 1970ರ ದಶಕದ ಕೊನೆಯಲ್ಲಿ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ತು ತೆಗೆಯುವ ಯೋಜನೆ ಮುಂದೆ ಬಂತು. ಯಲ್ಲಾಪುರ ತಾಲ್ಲೂಕಿನಲ್ಲಿ ಮಾಗೋಡಿನ ಜಲಪಾತವಾಗಿ ಧುಮುಕಿ ಕೆಳಗೆ ಗಂಗಾವಳಿಯಾಗುವ ನದಿ ಅದು. ಯಲ್ಲಾಪುರ, ಶಿರಸಿ ಭಾಗದ ಕಾಡು, ತೋಟ, ಗದ್ದೆಗಳು ಮುಳುಗುವ ಪ್ರಸಂಗ ಒದಗಿತು. ಜನ ಮೊದಲು ಮಾಡಿದ್ದು ರಸ್ತೆ ತಡೆಯುವುದನ್ನಲ್ಲ, ಲೆಕ್ಕ ಹಾಕುವುದನ್ನು. 1923ರಲ್ಲಿ ಸ್ಥಾಪಿತವಾದ ಶಿರಸಿಯ ತೋಟಗಾರ್ಸ್ ಸಹಕಾರಿ ಮಾರಾಟ ಸಂಘವು ಮುಂದಾಗಿ, 1981ರಲ್ಲಿ ವಿಜ್ಞಾನಿಗಳೂ ಅರ್ಥಶಾಸ್ತ್ರಜ್ಞರೂ ರೈತರೂ ಕೂಡಿದ ವಿಚಾರ ಸಂಕಿರಣವನ್ನು ನಡೆಸಿತು. ಮುಳುಗುವ ಕಾಡಿನ, ತೋಟದ ಬೆಲೆಯನ್ನು ನ್ಯಾಯವಾಗಿ ಎಣಿಸಿದರೆ ಯೋಜನೆಯ ಲಾಭ ನಿಲ್ಲುವುದಿಲ್ಲವೆಂಬುದು ಅಲ್ಲಿ ಮಂಡಿತವಾದ ವಾದ. ಸರಕಾರವು ಆಗ ಯೋಜನೆಯನ್ನು ಬದಿಗಿಟ್ಟಿತು. ಇದು ಅಪ್ಪಟ ಸುಹೃತ್ಸಂಮಿತದ ಗೆಲವು. ಕಾನೂನನ್ನು ಮುರಿಯುವ ಪ್ರಸಂಗವೇ ಬರಲಿಲ್ಲ. ಅಂಬೇಡ್ಕರರು ಬಯಸಿದ ದಾರಿ ತೆರೆದಿತ್ತು. ಜನ ಅದರಲ್ಲಿಯೇ ನಡೆದರು.

ಎಲ್ಲ ಬಾರಿಯೂ ಹಾಗಾಗುವುದಿಲ್ಲ. ಶಿರಸಿ ಸೀಮೆಯ ಕಾಡುಗಳಲ್ಲಿ ನೈಸರ್ಗಿಕ ಮರಗಳನ್ನು ಕಡಿದು ತೇಗದ ತೋಪು ಬೆಳೆಸುವ, ಕಾರ್ಖಾನೆಗಳಿಗೆ ಮರ ಒದಗಿಸುವ ಕೆಲಸ ವರ್ಷಗಳಿಂದ ನಡೆದಿತ್ತು. ಅಡಿಕೆ ತೋಟಕ್ಕೆ ಹಸಿಸೊಪ್ಪು, ದರಕು ಬೇಕು. ಅದಕ್ಕಾಗಿಯೇ ತೋಟಿಗರಿಗೆ ತೋಟದ ವಿಸ್ತಾರದ ಹಲವು ಪಟ್ಟು ಸೊಪ್ಪಿನ ಬೆಟ್ಟದ ಸವಲತ್ತು ಹಿಂದಿನಿಂದ ನಡೆದುಬಂದಿದೆ. ಕಾಡು ಬರಿದಾದರೆ ಸೊಪ್ಪು ಇಲ್ಲ, ಝರಿಯ ನೀರು ಇಲ್ಲ. ನೀರಿಲ್ಲದ ಕಣಿವೆಯಲ್ಲಿ ತೋಟವೂ ಇಲ್ಲ. ಕಡಿತ ನಿಲ್ಲಿಸಬೇಕೆಂಬ ಹಳ್ಳಿಗರ ಮೊರೆಗೆ ಕಿವಿಗೊಡುವವರಿರಲಿಲ್ಲ. ಹಿಮಾಲಯದ ಚಿಪ್ಕೊ ಚಳವಳಿಯ ಸುಂದರಲಾಲ ಬಹುಗುಣ ಅವರು ಈ ಸೀಮೆಗೆ ಬಂದು ಹೇಳಿದ ಅನುಭವ ಯುವಕರ ಮನಸ್ಸಿನಲ್ಲಿ ನಿಂತಿತ್ತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಮತ್ತು ಸುತ್ತಲಿನ ಹಳ್ಳಿಗಳ ಗಂಡಸರು, ಹೆಂಗಸರು, ಮಕ್ಕಳು ಕಳಸೆ ಕಾಡಿಗೆ ನಡೆದುಹೋಗಿ, ಕೊಡಲಿಗೆ ಗುರಿಯಾಗಿದ್ದ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರು ಸಂಘಟಿಸಿದ ಈ ಚಳವಳಿಗೆ ‘ಅಪ್ಪಿಕೋ’ ಎಂಬ ಅಚ್ಚಗನ್ನಡದ ಹೆಸರೇ ಬಂತು. ಮೂವತ್ತೆಂಟು ದಿನ ಜನ ಪಟ್ಟು ಬಿಡಲಿಲ್ಲ. ಸರಕಾರವು ಕಡಿಯುವ ಅಪ್ಪಣೆಯನ್ನು ಹಿಂದೆಗೆದುಕೊಂಡಿತು. ಸಿದ್ದಾಪುರ ತಾಲ್ಲೂಕಿನ ನಿಡಗೋಡಿನಂಥ ಊರುಗಳಿಗೂ ಚಳವಳಿ ಹಬ್ಬಿತು. ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಕ್ರಿಯಾಪದಗಳು ಅದರ ಘೋಷವಾದವು.

ಇಲ್ಲಿಯೂ ಆ ‘ಮೂರನೆಯವನು’ ಮತ್ತೆ ಕಾಣಿಸುತ್ತಾನೆ. ಅಪ್ಪಣೆ ರಾಜಧಾನಿಯದು, ಕೊಡಲಿ ಮಾತ್ರ ಕೂಲಿಯವನ ಕೈಯಲ್ಲಿತ್ತು. ಅವನ ಮೇಲೆ ಕಲ್ಲೆಸೆಯಬಹುದಿತ್ತು, ಕೊಡಲಿಯನ್ನು ಕಿತ್ತುಕೊಳ್ಳಬಹುದಿತ್ತು. ಹಾಗೆ ಮಾಡದೆ, ಮರಕ್ಕೂ ಕೊಡಲಿಗೂ ನಡುವೆ ತಮ್ಮ ಮೈಯನ್ನಿಟ್ಟು, ಬೀಸುವುದೋ ಬಿಡುವುದೋ ಎಂಬ ನಿರ್ಧಾರವನ್ನು ಅವನಿಗೇ ಬಿಟ್ಟರು. ಮಾವಿನಗುಂಡಿಯ ಬಾಗಿಲಿಗೂ ಕಳಸೆಯ ಕಾಡಿಗೂ ಐವತ್ತು ವರ್ಷಗಳ ಅಂತರವಿದ್ದರೂ ಮಾತಿನ ರೀತಿ ಒಂದೇ.

ಅಂಬೇಡ್ಕರರ ಆಕ್ಷೇಪಕ್ಕೆ ಇದು ಪೂರ್ಣ ಉತ್ತರವೆಂದು ಹೇಳಲಾಗದು. ಆದರೆ ಒಂದು ಮಿತಿಯನ್ನು ಇದು ತೋರಿಸುತ್ತದೆ. ಕಡಿದ ಮರವನ್ನು ಯಾವ ನ್ಯಾಯಾಲಯವೂ ಮರಳಿ ನಿಲ್ಲಿಸಲಾರದು. ಮನವಿ ಮುಗಿದಿದ್ದು, ಆಗುವ ಹಾನಿ ತಿದ್ದಲಾರದ್ದಾಗಿದ್ದು, ತೀರ್ಮಾನವಾಗುವವರೆಗೆ ಕೈ ತಡೆಯಿರಿ ಎಂಬಷ್ಟೇ ಬೇಡಿಕೆಯಿದ್ದರೆ, ಅಂಥ ಅಡ್ಡಿಯು ಸಂವಿಧಾನದ ದಾರಿಯನ್ನು ಮುಚ್ಚುವುದಿಲ್ಲ. ಆ ದಾರಿಗೆ ಸಮಯವನ್ನು ಗಳಿಸಿಕೊಡುತ್ತದೆ. ಇದನ್ನು ಮೀರಿ, ಸಂಖ್ಯೆಯ ಬಲದಿಂದ ಬೇಕಾದ್ದನ್ನು ಪಡೆಯುವುದಕ್ಕೆ ಅದೇ ಹೆಸರನ್ನಿಟ್ಟರೆ ಅಂಬೇಡ್ಕರರ ಎಚ್ಚರಿಕೆಯೇ ನಿಜವಾಗುತ್ತದೆ.

ಅಮೆರಿಕದ ನೀಗ್ರೋ ಜನರ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರು 1963ರ ಏಪ್ರಿಲ್ 16ರಂದು ಬರ್ಮಿಂಗ್‌ಹ್ಯಾಮ್ ನಗರದ ಸೆರೆಮನೆಯಿಂದ ಬರೆದ ಪ್ರಸಿದ್ಧ ಪತ್ರವನ್ನು ಈ ಸಂದರ್ಭದಲ್ಲಿ ನೆನೆಯಬಹುದು. ಅನ್ಯಾಯ ನಡೆದಿದೆಯೇ ಎಂದು ಸಂಗತಿಗಳನ್ನು ಕೂಡಿಸುವುದು, ಮಾತುಕತೆ, ಆತ್ಮಶುದ್ಧಿ, ಕೊನೆಗೆ ನೇರ ಕಾರ್ಯ ಎಂಬ ನಾಲ್ಕು ಮೆಟ್ಟಿಲುಗಳನ್ನು ಅವರು ಅದರಲ್ಲಿ ಹೇಳುತ್ತಾರೆ. ಬೇಡ್ತಿಯ ಲೆಕ್ಕ, ಹಳ್ಳಿಗರ ಮೊರೆ, ಶಿರಸಿಯ ದೇವಾಲಯ ಪ್ರವೇಶ, ಮಾವಿನಗುಂಡಿ ಮತ್ತು ಕಳಸೆ ಎಂದು ಇವೇ ಮೆಟ್ಟಿಲುಗಳನ್ನು ಈ ಸೀಮೆಯ ಚರಿತ್ರೆಯಲ್ಲಿ ಬೇರೆ ಬೇರೆ ಕಾಲಗಳಲ್ಲಿ ಕಾಣಬಹುದು. ಕಿಂಗ್ ಅವರ ಆ ಪತ್ರವೂ ಕಟ್ಟಾ ವಿರೋಧಿಗಳಿಗೆ ಬರೆದುದಲ್ಲ. ನ್ಯಾಯವನ್ನು ಒಪ್ಪಿಯೂ ಸ್ವಲ್ಪ ತಾಳಿರಿ ಎನ್ನುತ್ತಿದ್ದ ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ ಕೊಟ್ಟ ಉತ್ತರ ಅದು. ಅಲ್ಲಿಯೂ ಮಾತು ಹೋಗಿ ಮುಟ್ಟಬೇಕಾದದ್ದು ನಡುವೆ ನಿಂತ ಮೂರನೆಯವನಿಗೇ.

ಉಪಸಂಹಾರ

ಶಾಲೆಗಳಲ್ಲಿ ವಿದ್ಯಾರ್ಥಿಗಳಿಗೆ ಚರ್ಚಾಸ್ಪರ್ಧೆ, ಭಾಷಣಸ್ಪರ್ಧೆಗಳನ್ನು ಏರ್ಪಡಿಸುವ ಪದ್ಧತಿಯಿದೆ, ಅದು ಒಳ್ಳೆಯದೇ. ಆದರೆ ಅಲ್ಲಿ ಬಹುಮಾನ ಸಲ್ಲುವುದು ಎದುರಾಳಿಯ ಬಾಯಿ ಮುಚ್ಚಿಸಿದವನಿಗೆ. ಮನವೊಲಿಸಿದವನಿಗೆ ಅಂಕ ಕೊಡುವ ಬಗೆ ಇನ್ನೂ ರೂಢಿಯಲ್ಲಿಲ್ಲ. ಎದುರು ಪಕ್ಷದ ಮಾತನ್ನು ಅವರು ಮೆಚ್ಚುವಂತೆ ಮೊದಲು ಹೇಳಿ ತೋರಿಸು, ಆಮೇಲೆ ನಿನ್ನ ಮಾತನ್ನು ಹೇಳು ಎಂದು ಉಪಾಧ್ಯಾಯರು ವರ್ಷಕ್ಕೊಮ್ಮೆಯಾದರೂ ಕೇಳಿದರೆ, ಸವಿನಯ ಎಂಬ ಶಬ್ದದ ಅರ್ಧ ಪಾಠ ಅಲ್ಲಿಗೇ ಆದಂತಾಗುತ್ತದೆ.

ಉಳಿದ ಅರ್ಧವನ್ನು ತರಗತಿಯಲ್ಲಿ ಕಲಿಸಲಾಗದು. ಕಾನೂನನ್ನು ಮೀರಬಹುದೇ ಎಂದು ಹುಡುಗನೊಬ್ಬ ಕೇಳಿದರೆ, ಹೌದೆಂದಾಗಲಿ ಇಲ್ಲವೆಂದಾಗಲಿ ಅವಸರದಲ್ಲಿ ಹೇಳದೆ, ಕೆಲವು ಪ್ರಶ್ನೆಗಳನ್ನು ಅವನಿಗೆ ಮರಳಿ ಕೇಳಬೇಕು. ಸಂಗತಿಗಳನ್ನು ತಿಳಿದಿರುವೆಯಾ? ಮಾತಾಡಿ ನೋಡಿದೆಯಾ? ನಿನ್ನ ಮನೆಯ ಬಾಗಿಲಲ್ಲಿ ನ್ಯಾಯ ಕೇಳಿ ನಿಂತವರು ಯಾರಾದರೂ ಇದ್ದಾರೆಯೇ? ಬಹಿರಂಗವಾಗಿ ಮೀರಿ, ಬಂದ ಶಿಕ್ಷೆಯನ್ನು ತಾಳುವೆಯಾ? ತಾಳುವ ನೋವು ನಿನ್ನದೇ ತಾನೆ? ಎದುರಿನವನು ಇಲ್ಲವೆಂದರೂ ಅವನನ್ನು ದ್ವೇಷಿಸದೆ ಇರಬಲ್ಲೆಯಾ? ಇವೆಲ್ಲಕ್ಕೂ ಹೌದೆಂದು ಹೇಳಬಲ್ಲವರು ಎಲ್ಲ ಕಾಲದಲ್ಲಿಯೂ ವಿರಳ. ಮಾವಿನಗುಂಡಿಯಲ್ಲಿ ಹಸಿದು ಕುಳಿತ ತಾಯಂದಿರು ಅಂಥವರು. ನಡೆಯಿಂದ ಬೆಲೆ ತೆತ್ತ ಮೇಲೆಯೇ ಅವರ ನುಡಿಗೆ ತೂಕ ಬಂದಿತು. ವಿದ್ಯೆಯನ್ನು ದಾನವಾಗಿ ಕೊಡುವ ಸಂಸ್ಥೆಗಳು ಮಕ್ಕಳಿಗೆ ನಾಡಿನ ಚರಿತ್ರೆಯನ್ನು ಹೇಳುವಾಗ, ದೊಡ್ಡ ನಗರಗಳ ದೊಡ್ಡ ಭಾಷಣಗಳ ಜೊತೆಗೆ, ಮಾತಿಲ್ಲದೆ ಆಡಿದ ಆ ಮಾತನ್ನೂ ಹೇಳಿಕೊಡುವುದು ಉಚಿತ.